ಬೆನ್ನು ಮೇಷ್ಟ್ರು ನಾಟಕಕ್ಕೆ ಹೋದದ್ದು

ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಬೆನ್ನು ಮೇಷ್ಟ್ರು. ಅದು ಅವರ ಕಿವಿಗೂ ಬಿದ್ದಿತ್ತು, ಕೇಳಿಸದವರಂತೆ ಇದ್ದುಬಿಟ್ಟಿದ್ದರು. ಬೆಳಗ್ಗೆ ತರಗತಿಗೆ ಬಂದವರೇ ಬೋರ್ಡಿನ ಕಡೆ ತಿರುಗಿ ದಿನಾಂಕ ಬರೆಯಲು ಶುರುಮಾಡುವರು. ಹಿಂದಿನಿಂದ ಮಕ್ಕಳು ತಂತಮ್ಮ ಸಂಖ್ಯೆಯನ್ನು ಸಾಲಾಗಿ ಕೂಗಬೇಕು. ಒಂದು, ಎರಡು, ಮೂರು. ನಡುವೆ ಯಾವ ಸಂಖ್ಯೆ ಕೇಳಿಸಲಿಲ್ಲವೋ ಆ ಮಗು ಗೈರುಹಾಜರು. ದಿನಾಂಕ ಬರೆದು ಅದರ ಕೆಳಗೊಂದು ಗೀಟು ಎಳೆಯುವಷ್ಟರಲ್ಲಿ ಮೂವತ್ತನಾಲ್ಕು ಮಕ್ಕಳ ಹಾಜರಿ ಮುಗಿದಿರುತ್ತಿತ್ತು. ಬೇರೆಯವರು ಒಬ್ಬೊಬ್ಬರ ಹೆಸರು ಕೂಗಿ, ತಲೆ ಎತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ ಗುರುತು ಹಾಕಿ ಹತ್ತು ನಿಮಿಷ ಹಾಳುಮಾಡುತ್ತಾರೆ, ತನಗೆ ಒಂದೇ ನಿಮಿಷ ಸಾಕು ಎಂದು ಮೇಷ್ಟ್ರಿಗೆ ಬಲು ಹೆಮ್ಮೆ. ಮೂವತ್ತೊಂದು ವರ್ಷದಲ್ಲಿ ಹೀಗೆ ಉಳಿಸಿದ ಸಮಯ ಒಟ್ಟು ಎಷ್ಟಾಯಿತೆಂದು ಒಮ್ಮೆ ಲೆಕ್ಕ ಹಾಕಿ ಹೆಂಡತಿಗೂ ಹೇಳಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆಕೆ ದಾರವನ್ನು ಹಲ್ಲಿನಿಂದ ಕಡಿಯುತ್ತಾ, "ಉಳಿಸಿದ್ದನ್ನೆಲ್ಲ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ್ದರು.

ನಿಜ ಹೇಳಬೇಕೆಂದರೆ ಈ ಪದ್ಧತಿ ಜಾಣತನದಿಂದ ಹುಟ್ಟಿದ್ದಲ್ಲ, ಹೆದರಿಕೆಯಿಂದ ಹುಟ್ಟಿದ್ದು. ಕೆಲಸಕ್ಕೆ ಸೇರಿದ ಮೊದಲ ದಿನ ಅಷ್ಟೊಂದು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ನೆಟ್ಟಾಗ ಹುಡುಗ ಮೇಷ್ಟ್ರ ನಾಲಿಗೆ ಅಂಟಿಕೊಂಡಿತು. ತಟ್ಟನೆ ಬೋರ್ಡಿನ ಕಡೆ ತಿರುಗಿ, "ನೀವೇ ನಂಬರ್ ಹೇಳ್ಕೊಂಡು ಹೋಗಿ" ಎಂದುಬಿಟ್ಟರು. ಕರಿ ಹಲಗೆ ಯಾರನ್ನೂ ದುರುಗುಟ್ಟಿ ನೋಡುವುದಿಲ್ಲ. ಆ ದಿನ ಬಚಾವಾದರು, ಮಾರನೆಯ ದಿನವೂ ಹಾಗೇ ಮಾಡಿದರು, ವರ್ಷ ಕಳೆಯುವುದರಲ್ಲಿ ಅದು ಅವರ ಶಿಸ್ತು ಎಂದು ಶಾಲೆಯೆಲ್ಲ ಹೊಗಳತೊಡಗಿತು. ಹೆದರಿಕೆಗೆ ಇಷ್ಟು ಒಳ್ಳೆಯ ಅಂಗಿ ಸಿಕ್ಕಿದ ಮೇಲೆ ಅದನ್ನು ಬಿಚ್ಚುವವರು ಯಾರು?

ಇಂಥ ಮೇಷ್ಟ್ರು ಹತ್ತನೇ ತರಗತಿಯ ಮಕ್ಕಳನ್ನು ಸಂಜೆ ನಾಟಕಕ್ಕೆ ಕರೆದುಕೊಂಡು ಹೋಗಬೇಕಾಗಿ ಬಂತು. ಎಲ್ಲ ಏರ್ಪಾಡು ಮಾಡಿದ್ದವರು ಭಾಷೆಯ ಟೀಚರಮ್ಮ. ಆದರೆ ಹೊರಡುವ ದಿನ ಬೆಳಗ್ಗೆ ಆಕೆ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡು ಮನೆಯಲ್ಲೇ ಉಳಿದರು. ಹೆಡ್‌ಮೇಡಂ ನೇರವಾಗಿ ಸಿಬ್ಬಂದಿ ಕೋಣೆಗೆ ಬಂದರು.

"ಮೇಷ್ಟ್ರೇ, ನೀವೇ ಹೋಗ್ಬೇಕು."

"ನಂಗೆ ನಾಟಕದ ತಲೆಬುಡ ಗೊತ್ತಿಲ್ಲ ಮೇಡಂ."

"ನೀವು ನಾಟಕ ನೋಡದಿದ್ರೂ ಪರ್ವಾಗಿಲ್ಲ. ಮಕ್ಕಳನ್ನ ನೋಡ್ಕೊಳ್ಳಿ. ಹೋದಷ್ಟೂ ಜನ ವಾಪಸ್ ಬರ್ಬೇಕು, ಅಷ್ಟೇ."

ಅಷ್ಟೇ ಆದರೆ ಅದು ಗಣಿತ, ತನ್ನ ಕೈಯಲ್ಲಾಗುವ ಕೆಲಸ ಎಂದು ಮೇಷ್ಟ್ರು ಒಪ್ಪಿಕೊಂಡರು. ನಾಲ್ಕು, ಹನ್ನೊಂದು, ಇಪ್ಪತ್ಮೂರು ಈ ಮೂವರು ಬರುವುದಿಲ್ಲ ಎಂದಿದ್ದರು. ಉಳಿದವರು ಮೂವತ್ತೊಂದು.

ಥಿಯೇಟರಿನ ಮೆಟ್ಟಿಲ ಮೇಲೆ ಮಕ್ಕಳನ್ನು ನಿಲ್ಲಿಸಿ, ಗೋಡೆಗೆ ಅಂಟಿಸಿದ್ದ ಪೋಸ್ಟರಿನ ಕಡೆ ಮುಖ ಮಾಡಿ ಮೇಷ್ಟ್ರು ಹಾಜರಿ ಕೇಳಿದರು. ಟಿಕೆಟ್ ಹರಿಯುವ ಬಾಗಿಲಿನವನು, ಇವರೇನು ಗೋಡೆಗೆ ಪಾಠ ಹೇಳುತ್ತಿದ್ದಾರೋ ಎಂಬಂತೆ ನೋಡಿದ. ಮೂರು ಸಂಖ್ಯೆ ಬಿಟ್ಟು ಮಿಕ್ಕೆಲ್ಲ ಬಂದವು. ಮಕ್ಕಳು ಹಿಂದಿನ ಸಾಲುಗಳಿಗೆ ನುಗ್ಗಿದರು. ಹಿಂದೆ ಕೂತರೆ ಮಕ್ಕಳ ತಲೆ ಅಡ್ಡ ಬರುತ್ತದೆಂದು ಮೇಷ್ಟ್ರು ಮೊದಲನೇ ಸಾಲಿಗೆ ಹೋಗಿ, ಹಾಜರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಇಡೀ ತರಗತಿಗೆ ಬೆನ್ನು ಕೊಟ್ಟು ಕೂತರು.

ನಾಟಕ ಶುರುವಾಗಿ ಕಾಲು ಗಂಟೆಯೊಳಗೆ ಅವರ ತಲೆ ಕೆಟ್ಟುಹೋಯಿತು. ಮೊದಲು ಒಬ್ಬ ತಂದೆ ಬಂದ. ಮಗನನ್ನು ಬೈದು, ಟೋಪಿ ತೆಗೆದು ಗೂಟಕ್ಕೆ ಹಾಕಿದ. ಆಮೇಲೆ ಅದೇ ಮನುಷ್ಯ ಅಳುತ್ತಾ ನಿಂತ. ಮಗ ಬರಲೇ ಇಲ್ಲ. ಒಬ್ಬಳು ಮುದುಕಿ ಸತ್ತಳು, ಮುಂದಿನ ದೃಶ್ಯದಲ್ಲಿ ಹಗ್ಗದಾಟ ಆಡುತ್ತಾ ಬಂದಳು. ಎಲ್ಲೋ ಒಂದು ಸಾಲು ತಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡು ಮೇಷ್ಟ್ರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಜನ ನಗುತ್ತಿದ್ದರು. ಇವರೂ ನಕ್ಕರು, ಆದರೆ ಎಲ್ಲರೂ ನಿಲ್ಲಿಸಿದ ಮೇಲೆ.

ಮಧ್ಯಂತರ ಮುಗಿದು ದೀಪ ಆರಿದಾಗ ಪಕ್ಕದ ಖಾಲಿ ಸೀಟಿನಲ್ಲಿ ಯಾರೋ ಬಂದು ಕೂತರು. ಕತ್ತಲಲ್ಲಿ ಸಮವಸ್ತ್ರದ ಬಿಳಿ ಕಾಲರು ಮಾತ್ರ ಕಂಡಿತು. ಯಾವುದೋ ಹುಡುಗಿ, ತಮ್ಮದೇ ಶಾಲೆಯವಳು. ಹಿಂದೆ ಸರಿಯಾಗಿ ಕಾಣುತ್ತಿರಲಿಲ್ಲವೇನೋ. ಮೇಷ್ಟ್ರು ಸ್ವಲ್ಪ ಹೊತ್ತು ತಡೆದುಕೊಂಡರು, ಆಮೇಲೆ ವೇದಿಕೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದರು.

"ಅಪ್ಪ ಎಲ್ಲಿ ಹೋದ?"

"ಅವನೇ ಸರ್ ಅಪ್ಪ. ಟೋಪಿ ಹಾಕ್ಕೊಂಡ್ರೆ ಅಪ್ಪ, ತೆಗೆದ್ರೆ ಮಗ."

"ಒಬ್ಬನೇನಾ?"

"ಒಬ್ಬನೇ ಸರ್."

"ಹಾಗಾದ್ರೆ ಆ ಮುದುಕಿ?"

"ಸತ್ತಿದ್ದು ಮೊದಲು ತೋರಿಸ್ತಾರೆ ಸರ್. ಈಗ ನಡೀತಿರೋದು ಅವಳು ಚಿಕ್ಕವಳಿದ್ದಾಗಿಂದು. ಹಿಂದಕ್ಕೆ ಹೋಗ್ತಾ ಇದೆ."

ಉತ್ತರದಿಂದ ಶುರುಮಾಡಿ ಪ್ರಶ್ನೆಯ ಕಡೆ ಬರುವ ಲೆಕ್ಕ ಎಂದು ಹೊಳೆದ ಮೇಲೆ ಮೇಷ್ಟ್ರಿಗೆ ಒಂದಿಷ್ಟು ಹಿಡಿತ ಸಿಕ್ಕಿತು. ಆದರೂ ಐದು ನಿಮಿಷಕ್ಕೊಮ್ಮೆ ದಾರಿ ತಪ್ಪುತ್ತಿದ್ದರು, ಹುಡುಗಿ ಬೇಸರವಿಲ್ಲದೆ ಕರೆತರುತ್ತಿದ್ದಳು. ಕೊನೆಗೆ ಟೋಪಿಯ ಮನುಷ್ಯ ಟೋಪಿಯನ್ನು ಕೈಯಲ್ಲಿ ಹಿಡಿದು, ತಲೆಗೂ ಹಾಕದೆ ಗೂಟಕ್ಕೂ ಹಾಕದೆ ನಿಂತಾಗ ತೊಡೆಯ ಮೇಲಿನ ಪುಸ್ತಕ ಜಾರಿದ್ದೂ ತಿಳಿಯದೆ ಮೇಷ್ಟ್ರು ಮುಂದಕ್ಕೆ ಬಾಗಿದರು. ಯಾಕೆಂದು ಅವರಿಗೇ ಗೊತ್ತಾಗಲಿಲ್ಲ. ಕೇಳೋಣವೆಂದರೆ ಚಪ್ಪಾಳೆಯ ಸದ್ದು.

ಹೊರಗೆ ಬರುವಾಗ ಬಾಗಿಲಲ್ಲಿ ನೂಕುನುಗ್ಗಲು. ಹಾಜರಿ ಪುಸ್ತಕ ಸೀಟಿನಲ್ಲೇ ಉಳಿಯಿತೆಂದು ಆಗ ನೆನಪಾಯಿತು. "ಮಗು, ನನ್ನ ಪುಸ್ತಕ ಒಳಗೇ ಬಿಟ್ಟೆ, ಸ್ವಲ್ಪ ತರ್ತೀಯಾ?" ಎಂದು ಮೊಣಕೈ ಬಳಿ ಇದ್ದವಳಿಗೆ ಹೇಳಿದರು. "ತರ್ತೀನಿ ಸರ್" ಎಂದು ಅವಳು ಜನರ ನಡುವೆ ನುಸುಳಿ ಹಿಂದಕ್ಕೆ ಹೋದಳು. ಅಷ್ಟರಲ್ಲಿ ಮುಂದಿದ್ದ ಮಕ್ಕಳು ರಸ್ತೆಗೆ ಇಳಿಯುವುದು ಕಂಡು ಮೇಷ್ಟ್ರು ಎರಡೂ ಕೈ ಅಗಲಿಸಿಕೊಂಡು ಓಡಿದರು. ಕಾರುಗಳನ್ನು ತಡೆದು, ಎಲ್ಲರನ್ನೂ ಆಚೆ ದಾಟಿಸಿ, ಬಸ್ಸು ಹತ್ತಿಸುವಷ್ಟರಲ್ಲಿ ಪುಸ್ತಕವೂ ಮರೆತುಹೋಯಿತು, ಪುಸ್ತಕ ತರಲು ಹೋದವಳೂ ಮರೆತುಹೋದಳು.

ಬಸ್ಸಿನ ಬಾಗಿಲಿಗೆ ಬೆನ್ನು ಕೊಟ್ಟು, ರಸ್ತೆಯ ಕಡೆ ನೋಡುತ್ತಾ ಹಾಜರಿ ಕೇಳಿದರು. ಒಳಗಿನಿಂದ ಸಂಖ್ಯೆಗಳು ಹೊರಟವು. ಹದಿನೇಳು. ಹದಿನೆಂಟು. ಆಮೇಲೆ ಏನೂ ಇಲ್ಲ.

"ಹತ್ತೊಂಬತ್ತು?" ಎಂದರು ಮೇಷ್ಟ್ರು.

ಬಸ್ಸಿನೊಳಗೆ ಗುಸುಗುಸು ಎದ್ದಿತು. ಕಿಟಕಿಯಿಂದ ಒಬ್ಬಳು ತಲೆ ಹೊರಹಾಕಿ ಹತ್ತೊಂಬತ್ತರ ಹೆಸರು ಹೇಳಿದಳು. "ಇಂಟರ್‌ವಲ್‌ವರೆಗೂ ನನ್ನ ಪಕ್ಕದಲ್ಲೇ ಇದ್ಳು ಸರ್. ಆಮೇಲೆ ಎದ್ದು ಎಲ್ಲಿಗೋ ಹೋದ್ಳು."

"ಎಲ್ಲಿಗೆ?"

"ಗೊತ್ತಿಲ್ಲ ಸರ್. ಕತ್ತಲಿತ್ತು."

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಮಧ್ಯಂತರ ಮುಗಿದು ಒಂದು ಗಂಟೆಯಾಗಿದೆ. ಒಂದು ಗಂಟೆಯಿಂದ ಒಂದು ಹೆಣ್ಣು ಮಗು ಎಲ್ಲಿದೆಯೋ ತನಗೆ ಗೊತ್ತಿಲ್ಲ, ತಾನು ಮುಂದೆ ಕೂತು ಟೋಪಿಯ ವಿಚಾರ ಕೇಳುತ್ತಿದ್ದೆ. ಹೋದಷ್ಟೂ ಜನ ವಾಪಸ್ ಬರಬೇಕು ಎಂದಿದ್ದರು ಹೆಡ್‌ಮೇಡಂ. ಆ ಮಗುವಿನ ತಾಯಿ ಈಗ ಶಾಲೆಯ ಗೇಟಿನಲ್ಲಿ ಕಾಯುತ್ತಿರುತ್ತಾಳೆ. ಅವಳಿಗೆ ಏನೆಂದು ಹೇಳುವುದು? ಮಕ್ಕಳನ್ನು ಡ್ರೈವರಿಗೆ ಒಪ್ಪಿಸಿ, ಯಾರೂ ಕೆಳಗಿಳಿಯಕೂಡದೆಂದು ಎರಡೆರಡು ಸಲ ಹೇಳಿ, ಮೇಷ್ಟ್ರು ಥಿಯೇಟರಿಗೆ ಓಡಿದರು. ಐವತ್ತಾರರ ಮಂಡಿಗೆ ಓಟ ಮರೆತು ಎಷ್ಟೋ ಕಾಲವಾಗಿತ್ತು.

ಬಾಗಿಲಿನವನು ಒಂದು ಕದ ಹಾಕಿ ಇನ್ನೊಂದಕ್ಕೆ ಕೈ ಇಟ್ಟಿದ್ದ.

"ನಮ್ಮ ಹುಡುಗಿ ಒಬ್ಬಳು ಕಾಣ್ತಿಲ್ಲ," ಎಂದರು ಮೇಷ್ಟ್ರು ಏದುಸಿರು ಬಿಡುತ್ತಾ.

"ಗಾಬರಿ ಆಗ್ಬೇಡಿ ಸರ್, ಹುಡುಕೋಣ. ನೋಡೋಕೆ ಹೇಗಿದ್ದಾಳೆ?"

ಮೇಷ್ಟ್ರು ಕೈಯನ್ನು ತಮ್ಮ ಭುಜದವರೆಗೆ ಎತ್ತಿ ಮತ್ತೆ ಇಳಿಸಿದರು.

"ಉದ್ದಾನಾ, ಗಿಡ್ಡಾನಾ?"

"ಹತ್ತನೇ ತರಗತಿ," ಎಂದರು ಮೇಷ್ಟ್ರು.

"ಅದು ಸರಿ. ಬೆಳ್ಳಗೋ, ಕಪ್ಪಗೋ? ಕನ್ನಡಕ ಏನಾದ್ರೂ?"

ಕಿಟಕಿಯ ಹುಡುಗಿ ಹೇಳಿದ ಹೆಸರು ನಾಲಿಗೆಯ ಮೇಲಿತ್ತು, ಆ ಹೆಸರಿಗೆ ಮುಖ ಮಾತ್ರ ಅಂಟುತ್ತಿರಲಿಲ್ಲ. ಎಂಟನೇ ತರಗತಿಯಿಂದ, ಮೂರು ವರ್ಷ, ದಿನಾ ಕೇಳಿದ ಸಂಖ್ಯೆ. ಮೇಷ್ಟ್ರು ಕಣ್ಣು ಮುಚ್ಚಿ ನೆನೆಸಿಕೊಂಡರು. ಬಂದದ್ದೆಲ್ಲ ನೋಟ್‌ಬುಕ್ಕಿನ ಹಾಳೆಗಳು.

"ಏಳು ಬರೆದ್ರೆ ನಡುವೆ ಒಂದು ಅಡ್ಡಗೀಟು ಹಾಕ್ತಾಳೆ," ಎಂದರು. ಹೇಳುತ್ತಿದ್ದಂತೆ ಅದು ಎಂಥ ಮಾತೆಂದು ತಿಳಿಯಿತು, ಆದರೆ ನಿಲ್ಲಿಸಲಾಗಲಿಲ್ಲ. "ಲೆಕ್ಕ ಪೂರ್ತಿ ಸರಿ ಮಾಡಿ ಕೊನೇ ಸಾಲಲ್ಲಿ ಮೈನಸ್ ಚಿಹ್ನೆ ಮರೀತಾಳೆ. ತಪ್ಪಾದ್ರೆ ಗೀಚಿ ಹಾಕಲ್ಲ, ಒಂದೇ ಒಂದು ಗೆರೆ ಎಳೆದು ಮುಂದೆ ಹೋಗ್ತಾಳೆ. ಹೋದ ತಿಂಗಳು ಪುಟ್ಟ ಪುಟ್ಟ ಅಕ್ಷರದಲ್ಲಿ ಬರೀತಿದ್ಳು, ಈಗ ಮತ್ತೆ ದೊಡ್ಡದಾಗಿದೆ."

ಬಾಗಿಲಿನವನು ನಗಲಿಲ್ಲ. ಅವನೂ ಮಕ್ಕಳೊಂದಿಗನೇ ಇರಬೇಕು. "ಬನ್ನಿ ಸರ್, ಒಳಗೆ ನೋಡೋಣ," ಎಂದು ಟಾರ್ಚ್ ಹಿಡಿದು ಮುಂದೆ ನಡೆದ.

ಸಭಾಂಗಣದಲ್ಲಿ ಒಂದೇ ಒಂದು ದೀಪ ಉರಿಯುತ್ತಿತ್ತು. ಕೆಂಪು ಸೀಟುಗಳೆಲ್ಲ ಮಡಚಿಕೊಂಡು ಸಾಲುಸಾಲಾಗಿ ನಿಂತಿದ್ದವು. ಹೆಸರು ಕೂಗಬೇಕೆಂದು ಉಸಿರೆಳೆದ ಮೇಷ್ಟ್ರ ಬಾಯಿಂದ ಅಭ್ಯಾಸಬಲದಿಂದ ಹೊರಬಿದ್ದದ್ದು "ಹತ್ತೊಂಬತ್ತು".

ಮೊದಲನೇ ಸಾಲಿನ ಸೀಟುಗಳ ನಡುವಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಹಾಜರಿ ಪುಸ್ತಕವಿತ್ತು. ತಾನು ಇವಳನ್ನು ಪುಸ್ತಕಕ್ಕೆ ಕಳಿಸಿದ್ದು ಮೇಷ್ಟ್ರಿಗೆ ಆಗ ನೆನಪಾಯಿತು. ಇನ್ನೊಂದು ಮಗುವನ್ನೂ ಬಿಟ್ಟುಬಂದಿದ್ದೆನಲ್ಲ ಎಂದುಕೊಂಡರು.

"ಸೀಟು ಮಡಚಿಕೊಂಡು ಒಳಗೆ ಸಿಕ್ಕಿಕೊಂಡಿತ್ತು ಸರ್, ಈಗ ಸಿಕ್ತು," ಎಂದಳು ಅವಳು.

"ನೀನಲ್ಲಮ್ಮ," ಎಂದರು ಮೇಷ್ಟ್ರು ಅವಸರದಿಂದ. "ಪುಸ್ತಕ ಹಾಳಾಗಿ ಹೋಗ್ಲಿ. ಹತ್ತೊಂಬತ್ತು ಕಾಣ್ತಿಲ್ಲ. ನೀನು ಹೆಂಗಸರ ಟಾಯ್ಲೆಟ್ ಕಡೆ ಓಡಿ ನೋಡ್ಕೊಂಡು ಬಾ, ನಾನು ಮೇಲೆ ಬಾಲ್ಕನಿ ನೋಡ್ತೀನಿ."

ಹುಡುಗಿ ಕದಲಲಿಲ್ಲ. ಒಂದು ಸಲ ಬಾಗಿಲಿನವನ ಕಡೆ, ಒಂದು ಸಲ ಮೇಷ್ಟ್ರ ಕಡೆ ನೋಡಿದಳು.

"ನಾನೇ ಸರ್ ಹತ್ತೊಂಬತ್ತು."

ಮೇಷ್ಟ್ರು ಬೆಪ್ಪಾಗಿ ನಿಂತರು. ಸಂತೋಷ ಮೊದಲು ಬರಬೇಕಿತ್ತು, ಬರಲಿಲ್ಲ. ನಾಟಕ ಇನ್ನೂ ಮುಗಿದಿಲ್ಲವೇನೋ, ಇಲ್ಲೂ ಎಲ್ಲೋ ಒಂದು ಸಾಲು ತನಗೆ ಕೇಳಿಸಲಿಲ್ಲವೇನೋ ಎನ್ನಿಸಿತು. ಪಕ್ಕದಲ್ಲಿ ಕೂತವಳು, ಪುಸ್ತಕಕ್ಕೆ ಹೋದವಳು, ಕಳೆದುಹೋದವಳು, ಮೂವರೂ ಒಬ್ಬಳೇ. ತಾನು ಒಬ್ಬಳನ್ನೇ ಮೂರಾಗಿ ಎಣಿಸಿದ್ದೆ, ಅದರಲ್ಲೂ ಒಂದು ಕಡಿಮೆ ಬಿತ್ತೆಂದು ಓಡಿ ಬಂದಿದ್ದೆ.

"ಏಳಕ್ಕೆ ಗೀಟು ಹಾಕೋಳು ನೀನೇನಾ?" ಎಂದು ಬಾಗಿಲಿನವನು ಕೇಳಿದ.

ಹುಡುಗಿ ಅವನಿಗೆ ಹೂಂಗುಟ್ಟಿದಳು. "ಅದು ಗೊತ್ತಾ ಸರ್ ನಿಮಗೆ?" ಎಂದಳು ಮೇಷ್ಟ್ರ ಕಡೆ ತಿರುಗಿ.

"ಗೊತ್ತು," ಎಂದರು ಮೇಷ್ಟ್ರು. ಆ ಮಾತು ಅವರ ಕಿವಿಗೇ ತಪ್ಪೊಪ್ಪಿಗೆಯಂತೆ ಕೇಳಿಸಿತು. ಆಮೇಲೆ ಕೇಳಿದರು, "ನೀನ್ಯಾಕೆ ಮುಂದೆ ಬಂದು ಕೂತೆ?"

"ನೀವು ಆ ಕಡೆ ಈ ಕಡೆ ನೋಡ್ತಾ ಇದ್ರಿ ಸರ್. ಪಕ್ಕದಲ್ಲಿ ಯಾರೂ ಇರ್ಲಿಲ್ಲ."

ಇಷ್ಟು ಹೇಳಿ ಪುಸ್ತಕವನ್ನು ಅವರ ಕೈಗಿತ್ತಳು. ಹೊರಗೆ ಬಸ್ಸಿನ ಹಾರ್ನ್ ಎರಡು ಸಲ ಕೂಗಿತು. "ಬಂದ್ವಿ ಅಂತ ಹೇಳ್ತೀನಿ ಸರ್," ಎಂದು ಅವಳು ಮುಂದೆ ಓಡಿದಳು. ಬಾಗಿಲಿನವನು, "ಸಿಕ್ಕಳಲ್ಲ, ಬಿಡಿ ಸರ್," ಎಂದು ಸಮಾಧಾನ ಹೇಳಿದ. ಸಿಕ್ಕಿದ್ದು ನಿಜ. ಆದರೂ ಮೇಷ್ಟ್ರಿಗೆ ಬಿಡಲಾಗಲಿಲ್ಲ. ಅವಳು ಇವತ್ತು ನಿಜವಾಗಿಯೂ ಕಳೆದುಹೋಗಿದ್ದರೆ, ಪೊಲೀಸರ ಮುಂದೆಯೂ ತಾನು ಏಳರ ಗೀಟಿನ ವಿಷಯವನ್ನೇ ಹೇಳುತ್ತಿದ್ದೆ.

ಬಸ್ಸು ಹತ್ತುವಾಗ ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದಿದ್ದರು. "ಯಾರೂ ಕೂಗ್ಬೇಡಿ. ನಾನೇ ನೋಡ್ಕೊಂಡು ಬರ್ತೀನಿ," ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಲೆ ಹಳದಿ ದೀಪ, ಕೆಳಗೆ ಮೂವತ್ತೊಂದು ಬಿಳಿ ಕಾಲರು. ಮೊದಲ ದಿನದ ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಹಾಗೇ ಕಾದುಕೊಂಡಿತ್ತು. ಅಷ್ಟೂ ಕಣ್ಣುಗಳು ನೆಟ್ಟ ಕೂಡಲೇ ನಾಲಿಗೆ ಅಂಟಿಕೊಂಡಿತು. ಆದರೂ ತಿರುಗಿ ನಿಲ್ಲದೆ, ಸೀಟಿನ ಕಂಬಿ ಹಿಡಿದುಕೊಂಡು ಒಂದೊಂದೇ ಮುಖ ನೋಡುತ್ತಾ ನಡೆದರು. ಬೇರೆ ಯಾರನ್ನಲ್ಲದಿದ್ದರೂ ಹತ್ತೊಂಬತ್ತನ್ನಾದರೂ ಈಗ ಗುರುತು ಹಿಡಿಯುತ್ತೇನೆ ಎಂದುಕೊಂಡರು, ಈಗ ತಾನೇ ಎದುರು ನಿಂತು ಮಾತಾಡಿದವಳಲ್ಲವೇ? ಎರಡು ಜಡೆಯವಳು ಒಬ್ಬಳು, ಅವಳಲ್ಲ. ಮೂಗಿನ ಮೇಲೆ ಮಚ್ಚೆ ಇರುವವಳು, ಅವಳೂ ಅಲ್ಲ. ಇವಳಿರಬಹುದೇ ಎಂದು ಒಂದೆರಡು ಕಡೆ ಅನುಮಾನದಿಂದ ನಿಂತರು, ಧೈರ್ಯ ಸಾಲದೆ ಮುಂದೆ ಹೋದರು. ಹಾಗೇ ಹೋಗುತ್ತಾ ಕೊನೆಯ ಸೀಟು ಬಂತು. ಅದರಾಚೆ ಗಾಜು, ಗಾಜಿನಾಚೆ ರಸ್ತೆ.

"ಸರ್," ಎಂದಿತು ಬೆನ್ನ ಹಿಂದೆ ಒಂದು ದನಿ. ಕತ್ತಲಲ್ಲಿ ನಾಟಕದ ದಾರಿ ತೋರಿಸಿದ ದನಿ, ಅದನ್ನು ಮಾತ್ರ ಅವರು ಈಗ ಗುರುತು ಹಿಡಿದರು. "ನನ್ನ ದಾಟಿ ಹೋದ್ರಿ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರು ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತಿದ್ದವರು ಮಕ್ಕಳ ಕಡೆ ತಿರುಗಿದರು. ಡ್ರೈವರು ಹೊತ್ತಾಯಿತು ಎಂದು ಗೊಣಗಿದ. ಅವರು ಅವನಿಗೆ ಕಾಯಲು ಹೇಳಿ, ಮತ್ತೆ ಬಾಗಿಲ ಬಳಿಗೆ ನಡೆದು, ಮೊದಲನೇ ಸೀಟಿನಿಂದ ಪುನಃ ಶುರುಮಾಡಿದರು.