ಗೋದಲಿಯ ಕರಿ ಕುರಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿರಿಯೂರಿನ ಹೊರವಲಯದಲ್ಲಿ ಸಿಸ್ಟರ್‌ಗಳು ನಡೆಸುವ ಪ್ರೌಢಶಾಲೆಯ ಅಂಗಳದಲ್ಲಿ ಕಸಬರಿಗೆಯ ಸದ್ದೊಂದೇ. ಬೇವಿನೆಲೆಯನ್ನೆಲ್ಲ ಮೂಲೆಗೆ ಗುಡ್ಡೆ ಹಾಕಿ, ಕೊಠಡಿಗಳ ಬೀಗ ತೆಗೆದು, ಕುಡಿಯುವ ನೀರಿನ ಡ್ರಮ್ಮು ತುಂಬಿಸಿ, ಆಯಾ ದ್ಯಾಮಮ್ಮ ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ಕೂರುತ್ತಾರೆ. ಮಡಿಲ ತುಂಬ ಕರಿ ಉಣ್ಣೆ. ಡಿಸೆಂಬರ್ ಬಂದಿದೆ. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಕಟ್ಟುವ ಗೋದಲಿಗೆ ಕುರಿಗಳು ತಯಾರಾಗಬೇಕು.

ಇವರು ಜವನಗೊಂಡನಹಳ್ಳಿ ಕಡೆಯ ಕುರಿಗಾರರ ಮಗಳು. ಗಂಡ ತೀರಿಕೊಂಡ ಮೇಲೆ ಕೈಗೂಸನ್ನು ಎತ್ತಿಕೊಂಡು ಕೆಲಸ ಕೇಳಿ ಬಂದಾಗ ಈ ಶಾಲೆಯೆಂದರೆ ಹೆಂಚಿನ ಎರಡು ಕೋಣೆ. ಪಾಠ ಹೇಳುವವರೂ ಸಿಸ್ಟರ್‌ಗಳೇ, ಗಂಟೆ ಹೊಡೆಯುವವರೂ ಅವರೇ. ಆಗಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಸೆರಾಫಿನಾ ಗಂಟೆಯ ಕೆಲಸವನ್ನು ದ್ಯಾಮಮ್ಮನಿಗೆ ವಹಿಸಿ, ಕೂಸಿಗೆ ತಮ್ಮ ಕೋಣೆಯಲ್ಲೇ ಜೋಲಿ ಕಟ್ಟಿಸಿದರು. ಇಂದು ಐನೂರು ಚಿಲ್ಲರೆ ಮಕ್ಕಳು ಅದೇ ಕೈಯ ಗಂಟೆಗೆ ಸಾಲುಗಟ್ಟುತ್ತಾರೆ.

ಆ ಮೊದಲ ವರ್ಷವೇ ಗೋದಲಿಯ ಹತ್ತಿ ಕುರಿಗಳನ್ನು ಇಲಿ ಕಡಿದು ಹಾಕಿತ್ತು. ಬೇರೆ ಮಾಡಿಕೊಡು ಎಂದರು ಸಿಸ್ಟರ್. ದ್ಯಾಮಮ್ಮ ತವರಿನಿಂದ ಉಣ್ಣೆ ತಂದು ಮಾಡಿದ ಕುರಿಗಳೆಲ್ಲ ಕಪ್ಪು! ಉಳಿದ ಸಿಸ್ಟರ್‌ಗಳು ನಕ್ಕರು.

"ನಮ್ಮಪ್ಪನ ಕುರಿ ರೊಪ್ಪದಾಗೆ ಇದ್ದಿದ್ದೆಲ್ಲ ಕರೇವೇ. ಗೋದಲಿ ಕುರಿ ಬೆಳ್ಳಗಿರ್ಬೇಕು ಅಂತ ನಂಗ್ಯಾರು ಹೇಳಿದ್ರು?" ಎನ್ನುತ್ತಾರೆ ದ್ಯಾಮಮ್ಮ. "ಸೆರಾಫಿನಾ ಸಿಸ್ಟರ್ ಮಾತ್ರ ನಗಲಿಲ್ಲ. ಒಂದೊಂದಾಗಿ ಕೈಯಾಗೆ ಹಿಡ್ಕಂಡು ಸವರಿದ್ರು. ಯೇಸು ಈ ಸೀಮೆಯಾಗೆ ಹುಟ್ಟಿದ್ರೆ ಇವನ್ನೇ ನೋಡ್ತಿದ್ದ, ಇಡು ಅಂದ್ರು."

ಅಂದಿನಿಂದ ಇಲ್ಲಿ ಕರಿ ಕುರಿಯದೇ ಪದ್ಧತಿ. ಯಾರೋ ದಾನ ಕೊಟ್ಟ ಬಿಳಿ ಕುರಿಗಳ ಸೆಟ್ಟು ಬೀರುವಿನಲ್ಲಿ ಬೆಚ್ಚಗೆ ಮಲಗಿದೆ.

ಸಿಸ್ಟರ್‌ಗಳದು ಕರೆ ಬಂದಲ್ಲಿಗೆ ಹೊರಡುವ ಬದುಕು. ಒಂದು ಬೇಸಿಗೆಯಲ್ಲಿ ಸೆರಾಫಿನಾ ಒಂದೇ ಟ್ರಂಕು ಹಿಡಿದು ಜಾರ್ಖಂಡಿನ ಹಳ್ಳಿಯೊಂದರ ಸೇವೆಗೆ ಹೋದರು. ಅವರಿಲ್ಲದ ಡಿಸೆಂಬರ್ ದ್ಯಾಮಮ್ಮನಿಗೆ ಈವತ್ತಿಗೂ ಒಗ್ಗಿಲ್ಲ. ಗೇಟಿನ ಸದ್ದಾದರೆ ಕತ್ತು ಅತ್ತ ತಿರುಗುತ್ತದೆ. ಈಗ ವಯಸ್ಸಾಗಿ ಮಂಗಳೂರಿನ ಕಾನ್ವೆಂಟಿನಲ್ಲಿರುವ ಸಿಸ್ಟರ್, ಈ ಸಲ ಗೋದಲಿ ನೋಡಲು ಬಂದೇ ಬರುತ್ತೇನೆ ಎಂದಿದ್ದರು. ಹೋದ ವಾರ ಫೋನ್ ಬಂತು. ಮಂಡಿ ಕೈಕೊಟ್ಟಿದೆ, ಘಾಟಿ ಹತ್ತುವ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರಂತೆ.

ಇದೇ ಶಾಲೆಯಲ್ಲಿ ಓದಿ ಇಲ್ಲಿಯೇ ಕನ್ನಡ ಕಲಿಸುತ್ತಿರುವ ಚೈತ್ರಾ ಟೀಚರ್ ಸಮಾಧಾನ ಹೇಳುತ್ತಾರೆ: "ವಿಡಿಯೋ ಕಾಲ್ ಮಾಡಿ ಕೊಡ್ತೀನಿ ಕಣಮ್ಮ, ಎಲ್ಲಾ ಕಾಣ್ತಾವೆ."

"ಕಾಣ್ತಾವೆ ಬಿಡವ್ವ. ಕೈಯಾಗೆ ಹಿಡ್ಕಂಡು ಸವರಾಕೆ ಆಗ್ತೈತಾ?" ಎಂದು ದ್ಯಾಮಮ್ಮ ಉಣ್ಣೆಗೆ ದಾರ ಬಿಗಿಯುತ್ತಾರೆ.

ಪ್ರಾರ್ಥನೆಯ ಹೊತ್ತಾಗುತ್ತದೆ. ಅವರು ಸೆರಗು ಕೊಡವಿ ಏಳುತ್ತಾರೆ. ಗಂಟೆಯ ಕಡೆಗೆ ನಡೆಯುತ್ತಲೇ ನಮಗಷ್ಟೇ ಕೇಳುವಂತೆ ದನಿ ತಗ್ಗಿಸಿ ಹೇಳುತ್ತಾರೆ:

"ನಾನೇ ಮಂಗಳೂರಿಗೆ ಹೋಗಾಣ ಅಂತ ಮಾಡೀನಿ, ಒಂದು ಉಣ್ಣೆ ಮರಿ ಎತ್ಕಂಡು. ಘಾಟಿ ಇಳಿದೋಳಲ್ಲ ನಾನು, ಆದ್ರೂ ಕೇಳ್ಕಂತ ಹೋಗ್ತೀನಿ. ರಜಾ ಒಂದು ಕೇಳ್ಬೇಕು. ಇಷ್ಟು ವರ್ಷದಾಗೆ ಒಂದಿನಾನೂ ಕೇಳಿಲ್ಲ ನೋಡ್ರಿ, ಹೆಂಗೆ ಕೇಳದು ಅಂತಾನೇ ತಿಳೀವಲ್ದು."