ಸೊಟ್ಟ ಹಾರಿದ ಹಾಲು

ತಿ. ನರಸೀಪುರದಿಂದ ಬಂದ ಪಶುವೈದ್ಯರು ನಮ್ಮ ಹಸುವಿನ ಮೊಲೆಯನ್ನು ಎರಡು ಬೆರಳಲ್ಲಿ ಉರುಳಿಸಿ ನೋಡಿ, ಅತ್ತೆಗೆ ಹೇಳಿದರು: “ಹಾಲಿಳಿಯೋ ದಾರೀಲಿ ಸಾಸಿವೆಯಷ್ಟು ಗಂಟಿದೆ ಕಣಮ್ಮ. ದಾರಿನೇ ಕಿರಿದು, ಗಂಟು ಬೇರೆ ಒಂದು ಪಕ್ಕಕ್ಕಿದೆ. ಅದಕ್ಕೇ ಹಾಲು ಕಮ್ಮಿ, ಬಂದದ್ದೂ ಸೊಟ್ಟ ಹಾರುತ್ತೆ.”

ಅದು ತೊಂಬತ್ತರ ದಶಕ. ಮೂಗೂರಿನ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ನಾನು ಹಾಲು ಕರೆಯಲು ಕೂತ ವಾರದಲ್ಲೇ ಆ ಮೊಲೆಯ ಹಾಲು ಚೊಂಬಿಗೆ ಬೀಳದೆ ನನ್ನ ಸೀರೆಗೆ ಹಾರತೊಡಗಿತ್ತು. ನನ್ನ ಕೈಗುಣವೇ ಕೆಟ್ಟದ್ದೆಂದು ಅತ್ತೆ ತೀರ್ಮಾನಿಸಿಬಿಟ್ಟರು. ಆಮೇಲೆ ಹಾಲಿಗೆ ಹೆಪ್ಪು ಹಾಕಲೂ ಬಿಡಲಿಲ್ಲ, ಹಿತ್ತಲಲ್ಲಿ ಮೆಣಸಿನ ಸಸಿ ನೆಡಲೂ ಬಿಡಲಿಲ್ಲ.

ವೈದ್ಯರು ಸಣ್ಣ ಸಲಕರಣೆ ತೂರಿಸಿ ಗಂಟು ಬಿಡಿಸಿದರು. ಹಾಲು ನೆಟ್ಟಗೆ ಚೊಂಬಿಗೆ ಬಿತ್ತು. ಈಗಲಾದರೂ ನನಗೊಂದು ಮಾತು ಹೇಳುತ್ತಾರೆಂದು ಅತ್ತೆಯ ಮುಖ ನೋಡಿದೆ. ಅವರು ವೈದ್ಯರಿಗೆ ಕೈಮುಗಿದು, “ಏನೇ ಅನ್ನಿ ಸಾ, ಕೈಗುಣ ಅಂದ್ರೆ ನಿಮ್ದು!” ಎಂದರು.

ಅಂದು ಸಂಜೆ ನಾನು ಚೊಂಬು ಹಿಡಿದು ಕೊಟ್ಟಿಗೆಗೆ ಹೋದರೆ, ಈಗ ತಾನೇ ಸರಿಯಾಗಿದೆ, ನೀನು ಮುಟ್ಟಬೇಡ ಎಂದು ಅತ್ತೆ ಅದನ್ನು ಕಿತ್ತುಕೊಂಡರು. ಆ ಹಸು ಇರುವವರೆಗೂ ಅದರ ಹಾಲು ನನ್ನ ಗಂಟಲಲ್ಲಿ ಇಳಿಯಲಿಲ್ಲ.