ಕರಡಿಗೆ ಕೊಟ್ಟ ಮಾತು

ಕರಡಿಯ ತಲೆಯೊಳಗೆ ಹಳೆಯ ಅಂಟಿನ, ಬೇರೆ ಯಾರದೋ ಬೆವರಿನ ವಾಸನೆ ಇತ್ತು. ಆ ದಿನದ ಬಗ್ಗೆ ಸಂಶಯವಿಲ್ಲದೆ ಹೇಳಬಲ್ಲದ್ದು ಇದೊಂದೇ. ಎಂ.ಎ.ಯಲ್ಲಿ ಇತಿಹಾಸ ಓದುವಾಗ ನಮ್ಮ ಮೇಷ್ಟ್ರು, ಮನುಷ್ಯ ತನ್ನ ಬಗ್ಗೆ ತಾನೇ ಹೇಳುವ ಸಾಕ್ಷಿಯನ್ನು ಎಲ್ಲಕ್ಕಿಂತ ಕೊನೆಗೆ ನಂಬಬೇಕು ಎನ್ನುತ್ತಿದ್ದರು. ಹಾಗಾಗಿ ಹಳೆಯ ಡೈರಿ ತೆಗೆದು ನೋಡಿದೆ. ದಿನವೂ ಪುಟ ತುಂಬಿಸುವವಳು ಅಂದು ಬರೆದದ್ದು ಇಷ್ಟೆ: "ಮಾರ್ನೆಮಿ. ವಿಪರೀತ ಸೆಕೆ."

ನಾನು ಪುತ್ತೂರಿನ ಒಂದು ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಮನೆ ಅಜ್ಜಾವರದಲ್ಲಿ, ಸುಳ್ಯಕ್ಕೆ ಬಂದು ಪುತ್ತೂರಿನ ಬಸ್ಸು ಹಿಡಿಯುವುದು. ಸೇರಿದಾಗ ಟೆಂಪರರಿ ಎಂದಿದ್ದರು. ವರ್ಷಗಳು ಹೋದವು, ಆ ಶಬ್ದ ಹೋಗಲಿಲ್ಲ. ಆಮೇಲೆ ಹಿರಿಯ ಕ್ಲಾರ್ಕ್ ಒಬ್ಬರು ನಿವೃತ್ತರಾಗಿ ಒಂದು ಖಾಯಂ ಹುದ್ದೆ ಖಾಲಿಯಾಯಿತು. ಅದು ನಿನಗೇ ಎಂದು ಎಲ್ಲರೂ ಹೇಳಿದರು. ಹೇಳುತ್ತಿದ್ದ ಹಾಗೆ ಮ್ಯಾನೇಜರರ ಅಕ್ಕನ ಮಗ ಕಡಬದಿಂದ ಬಂದ. ಕೆಲಸ ಕಲಿಯಲಿಕ್ಕೆ ಬಂದದ್ದಂತೆ. ಕಲಿಸುವ ಕೆಲಸ ನನಗೆ ಬಂತು. ದಸರಾ ಕಳೆದ ಮೇಲೆ ಆಡಳಿತ ಮಂಡಳಿಯ ಸಭೆ, ಅದರಲ್ಲಿ ಹುದ್ದೆಯ ತೀರ್ಮಾನ.

ನಾನು ಮಾಡಬೇಕಾಗಿದ್ದದ್ದು, ಮ್ಯಾನೇಜರರ ಹತ್ತಿರ ಹೋಗಿ ಒಂದು ಮಾತು ಕೇಳುವುದು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಆ ವಾಕ್ಯವನ್ನು ಉರುಹೊಡೆಯುತ್ತಿದ್ದೆ. ಕುಂಬ್ರ ದಾಟುವಾಗ ಅದು ಸರಿಯಾಗಿ ಕೂತಿರುತ್ತಿತ್ತು. ಆಫೀಸಿನ ಮೆಟ್ಟಿಲು ಹತ್ತಿದ ಮೇಲೆ ನೇರ ನನ್ನ ಮೇಜಿಗೆ ಹೋಗಿ ಕೂರುತ್ತಿದ್ದೆ. ಬೆಲ್ ಆಗದೆ ಮ್ಯಾನೇಜರರ ಕ್ಯಾಬಿನ್ನಿಗೆ ನಾನು ಹೋದವಳಲ್ಲ. ಬೆಲ್ ಆದರೂ ಬಾಗಿಲಿನಲ್ಲಿ ನಿಂತು "ಸರ್" ಎನ್ನುವುದು, ಅಲ್ಲಿಂದಲೇ ಹಿಂದೆ ಬರುವುದು. ಕ್ಯಾಷಿಯರ್ ಅಕ್ಕ ಇದಕ್ಕೆ ನನ್ನನ್ನು ತಮಾಷೆ ಮಾಡುತ್ತಿದ್ದರು. ಅವರು ಈಶ್ವರಮಂಗಲದ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು, ನನಗಿಂತ ತುಂಬ ದೊಡ್ಡವರು, ಯಾರಿಗೂ ಹೆದರುವವರಲ್ಲ. ನಿನಗೆ ಆ ಹೊಸ್ತಿಲಿನಲ್ಲೇ ಒಂದು ಕುರ್ಚಿ ಹಾಕಿಸುವ ಎನ್ನುವರು.

ನಾವು ಮಾರ್ನೆಮಿ ಎನ್ನುವ ನವರಾತ್ರಿಯಲ್ಲಿ ನಮ್ಮ ಕಡೆ ವೇಷಗಳು ಹೊರಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹುಲಿ, ಕರಡಿ, ಮುದುಕ, ಪೊಲೀಸ್. ಮನೆಗೆ, ಅಂಗಡಿಗೆ, ಆಫೀಸಿಗೆ, ಎಲ್ಲಿಗೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಹೆಚ್ಚಿನವು ಹರಕೆಯ ವೇಷ. ಹರಕೆಯ ವೇಷ ಮಾತಾಡುವ ಹಾಗಿಲ್ಲ, ದೇವಸ್ಥಾನಕ್ಕೆ ಮುಟ್ಟುವ ಮೊದಲು ಮುಖವಾಡ ತೆಗೆಯುವ ಹಾಗಿಲ್ಲ. ಮತ್ತೆ, ವೇಷವನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಈ ಕೊನೆಯದನ್ನು ಅಮ್ಮ ದೇವರ ವಾಕ್ಯದ ಹಾಗೆ ಹೇಳುವುದು. ವೇಷದ ಒಳಗಿರುವವನು ಆ ಒಂದು ದಿನ ಅವನಲ್ಲ, ಅವನಿಗೆ ಇಲ್ಲ ಎಂದವರಿಗೆ ಒಳ್ಳೆಯದಾಗುವುದಿಲ್ಲ ಎಂದು.

ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದಾಗ ಅಮ್ಮ ಅವನಿಗೆ ಕರಡಿ ವೇಷದ ಹರಕೆ ಹೇಳಿಕೊಂಡಿದ್ದಳು. ಕಾಲು ಗುಣವಾಯಿತು. ವೇಷ ಹಾಕಬೇಕಾದ ದಿನವೇ ಅದೇ ಕಾಲು ಬಾತುಕೊಂಡಿತು. ಬಾಡಿಗೆಯ ವೇಷ ಚಾವಡಿಯಲ್ಲಿ ಬಿದ್ದಿತ್ತು, ಡೋಲಿನವನು ಬಂದು ಅಂಗಳದಲ್ಲಿ ನಿಂತಿದ್ದ. ಮನೆಯವರೇ ಯಾರಾದರೂ ಹಾಕಿದರೆ ನಡೆಯುತ್ತದೆ ಎಂದು ಅಮ್ಮ ಹೇಳಿ ನನ್ನ ಮುಖ ನೋಡಿದಳು. ಹೆಂಗಸರು ಹಾಕುವ ಕ್ರಮ ಇಲ್ಲ. ಆದರೆ ಕಪ್ಪು ನಾರಿನ ಆ ಗೊಂಡಾರಣ್ಯದ ಒಳಗೆ ಯಾರಿದ್ದಾರೆ ಎಂದು ಯಾರಿಗೆ ಗೊತ್ತಾಗುತ್ತದೆ? ಆಫೀಸಿಗೆ ಫೋನ್ ಮಾಡಿ ಹೊಟ್ಟೆನೋವು ಎಂದೆ.

ಪುತ್ತೂರಿಗೆ ಹೋಗುವ ಎಂದು ಹೇಳಿದ್ದು ಯಾರು? ಸುಳ್ಯದಲ್ಲಿ ನಡಿಗೆ ನೋಡಿ ಗುರುತು ಹಿಡಿಯುತ್ತಾರೆ ಎಂದು ಡೋಲಿನವನೇ ಹೇಳಿದ ಎಂದು ಬಹಳ ಕಾಲ ನಂಬಿದ್ದೆ. ಈಗ ನಾನೇ ಹೇಳಿರಬಹುದು ಅನಿಸುತ್ತದೆ.

ಪುತ್ತೂರಿನ ಪೇಟೆಯಲ್ಲಿ ಮಧ್ಯಾಹ್ನದವರೆಗೆ ಕುಣಿದೆವು. ಕುಣಿತ ನನಗೆ ಬರುವುದಿಲ್ಲ. ಕರಡಿಗೆ ಬಾರದಿದ್ದರೂ ನಡೆಯುತ್ತದೆ. ದಿನಾ ತಲೆತಗ್ಗಿಸಿ ದಾಟುತ್ತಿದ್ದ ಅಂಗಡಿಗಳ ಮುಂದೆ ಎದೆ ಬಡಿದುಕೊಂಡು ನಿಂತೆ. ದೊಡ್ಡವರು ಬದಿಗೆ ಸರಿದು ದಾರಿ ಬಿಟ್ಟರು. ಇದನ್ನು ಮಾಯೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವತ್ತು ನನಗೆ ಬೇರೆ ಹೆಸರು ತಿಳಿದಿರಲಿಲ್ಲ. ಆಫೀಸಿನ ಮೆಟ್ಟಿಲನ್ನು ಹತ್ತಿದ್ದು ನೆನಪಿಲ್ಲ. ಕ್ಯಾಬಿನ್ನಿನ ಗಾಜಿನ ಬಾಗಿಲನ್ನು ಭುಜದಿಂದ ದೂಡಿದ್ದು ನೆನಪುಂಟು.

ಮ್ಯಾನೇಜರರ ಎದುರು ಇಬ್ಬರು ಗಿರಾಕಿಗಳು ಕೂತಿದ್ದರು. ಕ್ಯಾಷಿಯರ್ ಅಕ್ಕ ಸಹಿಗಾಗಿ ಕಾಗದ ಹಿಡಿದು ನಿಂತಿದ್ದರು. ಮ್ಯಾನೇಜರ್ ಖುಷಿಯಲ್ಲಿದ್ದರು. ಕರಡಿಗೂ ಸಾಲ ಬೇಕಾ, ಜಾಮೀನಿಗೆ ಹುಲಿಯನ್ನು ಕರಕೊಂಡು ಬಾ ಎಂದು ನಗಿಸಿದರು. ಒಂದು ನೋಟು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಅದನ್ನು ಕಿಸೆಗೆ ಹಾಕಿ ದೊಡ್ಡದೊಂದು ತೆಗೆದರು. ಅದನ್ನೂ ಮುಟ್ಟಲಿಲ್ಲ. ಹಿಂದೆ ಡೋಲು ನಿಂತಿತು. ಅದು ನಿಂತದ್ದೇ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದೆ.

ಮುಂದಿನದು ನನ್ನ ನೆನಪಿನಲ್ಲಿ ಹೀಗುಂಟು. ನಾನು ಹೇಳಿದೆ, "ಇದು ಬೇಡ ಸರ್. ನನ್ನನ್ನು ಖಾಯಂ ಮಾಡಿ." ಬಸ್ಸಿನಲ್ಲಿ ಉರುಹೊಡೆದ ವಾಕ್ಯ ಇದಕ್ಕಿಂತ ಎಷ್ಟೋ ಉದ್ದ ಇತ್ತು. ಅವರು ನನ್ನನ್ನು ನೋಡಿದರು, ಗಿರಾಕಿಗಳನ್ನು ನೋಡಿದರು, ಮತ್ತೆ ಕುರ್ಚಿಗೆ ಒರಗಿ ನಕ್ಕರು.

"ಆಯ್ತು ಮಾರಾಯ್ತಿ, ಕೊಟ್ಟೆ. ವೇಷವನ್ನು ಬರಿಗೈಯಲ್ಲಿ ಕಳಿಸ್ಲಿಕ್ಕೆ ಉಂಟಾ?"

ಗಿರಾಕಿಗಳು ಚಪ್ಪಾಳೆ ತಟ್ಟಿದರು. ನಾನು ತಲೆ ಪುನಃ ಹಾಕಿಕೊಂಡೆ. ಒಳಗೆ ಅಳುತ್ತಿದ್ದೆ, ಕರಡಿ ಹೊರಗೆ ಕುಣಿಯುತ್ತಿತ್ತು.

ದಾರಿಯಲ್ಲಿ ಮುಖವಾಡ ತೆಗೆದದ್ದು ಕೇಳಿ ಅಮ್ಮ ಕಂಗಾಲಾದಳು. ಕೆಲಸದ ವಿಷಯ ಹೇಳಿದ ಮೇಲೆ, ಹಾಗಾದರೆ ದೇವರೇ ತೆಗೆಸಿದ್ದು ಎಂದು ಸಮಾಧಾನ ಮಾಡಿಕೊಂಡಳು. ರಜೆಯ ದಿನಗಳೆಲ್ಲ ಮನೆಯವರ ಲೆಕ್ಕದಲ್ಲಿ ನಾನು ಖಾಯಂ ಆಗಿದ್ದೆ. ಆಯುಧಪೂಜೆಗೆ ತಮ್ಮ ತನ್ನ ಬೈಕಿನ ಒಟ್ಟಿಗೆ ನನ್ನ ಪೆನ್ನನ್ನೂ ಇಟ್ಟು ಕುಂಕುಮ ಹಚ್ಚಿದ.

ಆಫೀಸು ತೆರೆದ ದಿನ ಬೆಲ್ಲಿಗೆ ಕಾಯದೆ ಕ್ಯಾಬಿನ್ನಿನ ಒಳಗೆ ಹೋದೆ. ಇದು ನಿಜ, ನೋಡಿದವರಿದ್ದಾರೆ. ಸರ್, ಅವತ್ತು ಹೇಳಿದ ವಿಷಯ ಎಂದೆ. ಅವರು ಬರೆಯುತ್ತಿದ್ದದ್ದನ್ನು ಮುಗಿಸಿ ತಲೆ ಎತ್ತಿದರು. ಸಿಟ್ಟಿರಲಿಲ್ಲ.

"ಅದು ಕರಡಿಗೆ ಹೇಳಿದ್ದಲ್ವಾ? ನೀವು ಎಂತಕ್ಕೆ ಬಂದದ್ದು?"

ಬಾಗಿಲು ತೆರೆದೇ ಇತ್ತು. ಹೊರಗಿದ್ದವರಿಗೆಲ್ಲ ಕೇಳಿಸಿತು, ಎಲ್ಲರೂ ನಕ್ಕರು. ಅದು ನಗುವಂಥ ಮಾತೇ, ಒಳ್ಳೆಯ ಮಾತು. ನಾನೂ ನಕ್ಕೆ. ಆ ನಗು ನಿಂತ ಮೇಲೆ ಕೇಳಲಿಕ್ಕೆ ನನ್ನಲ್ಲಿ ಎಂತದೂ ಉಳಿದಿರಲಿಲ್ಲ. ಮಂಡಳಿಯ ಸಭೆಯಲ್ಲಿ ಹುದ್ದೆ ಮ್ಯಾನೇಜರರ ಅಕ್ಕನ ಮಗನಿಗೆ ಹೋಯಿತು. ಅವನು ಕೆಟ್ಟವನಲ್ಲ. ತಿಳಿಯದಿದ್ದರೆ ಈಗಲೂ ಅಕ್ಕಾ ಎಂದು ನನ್ನ ಮೇಜಿಗೇ ಬರುತ್ತಾನೆ, ನಾನು ಹೇಳಿಕೊಡುತ್ತೇನೆ. ವೇಷಗಳು ಬಂದಾಗ ನಿಮ್ಮವರು ಬಂದರು ಎಂದು ಯಾರಾದರೊಬ್ಬರು ಹೇಳುವುದು ರೂಢಿಯಾಗಿದೆ.

ಇಷ್ಟಾದರೂ ಒಂದು ಬಾರಿ ಕೇಳಿದವಳು ನಾನು ಎಂಬುದನ್ನು ಇಟ್ಟುಕೊಂಡಿದ್ದೆ. ಸಿಗದಿದ್ದರೇನು, ಕೇಳಿದೆನಲ್ಲ. ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ಕೂರುತ್ತಿದ್ದೆ. ಕಳೆದ ನವರಾತ್ರಿಗೆ, ಬುತ್ತಿ ಬಿಚ್ಚಿ ಕೂತಿದ್ದಾಗ, ಅದನ್ನು ಕ್ಯಾಷಿಯರ್ ಅಕ್ಕನ ಹತ್ತಿರ ಹೇಳಿದೆ. ಅವರು ಊಟ ನಿಲ್ಲಿಸಿದರು.

"ನೀನು ಎಲ್ಲಿ ಕೇಳಿದ್ದು ಮಾರಾಯ್ತಿ? ತಲೆ ತೆಗೆದು ನಿಂತದ್ದು ಅಷ್ಟೆ. ಬಾಯಿ ತೆರೆದಿತ್ತು, ಸ್ವರ ಬರ್ಲಿಲ್ಲ. ಖಾಯಂ ಆಗ್ಬೇಕಾ ಅಂತ ಕೇಳಿದ್ದು ಮ್ಯಾನೇಜರೇ."

ಅಕ್ಕ ಸುಳ್ಳು ಹೇಳುವವರಲ್ಲ. ಅವರಿಗೂ ನೆನಪು ತಪ್ಪಬಹುದು, ಅದೂ ಸರಿ. ನನ್ನ ಕಿವಿಯಲ್ಲಿ ನನ್ನ ಆ ಎರಡು ವಾಕ್ಯಗಳು ಈಗಲೂ ಸ್ಪಷ್ಟವಾಗಿ ಉಂಟು. ಆದರೆ ಬಸ್ಸಿನಲ್ಲಿ ಉರುಹೊಡೆದ ಎಷ್ಟೋ ವಾಕ್ಯಗಳೂ ಹಾಗೆಯೇ ಸ್ಪಷ್ಟವಾಗಿವೆ, ಅವು ಯಾವುವೂ ಬಾಯಿಯಿಂದ ಹೊರಗೆ ಬಂದದ್ದಲ್ಲ.

ಅಕ್ಕ ಹೇಳಿದ್ದೇ ನಿಜವಾದರೆ ನನ್ನ ಧೈರ್ಯ ಹೋಯಿತು, ಹೋಗಲಿ. ಅದಕ್ಕಿಂತ ಕಷ್ಟದ್ದು ಇನ್ನೊಂದು. ನನಗೆ ಎಂತ ಬೇಕು ಎಂದು ಮ್ಯಾನೇಜರರಿಗೆ ಮೊದಲೇ ಗೊತ್ತಿತ್ತು. ಹೊಸ್ತಿಲಿನಲ್ಲಿ ನಿಂತು ನಾನು "ಸರ್" ಎಂದ ಪ್ರತಿ ದಿನವೂ ಗೊತ್ತಿತ್ತು.

ಕೈ ತೊಳೆದು ಬರುವಾಗ ಹೊರಗೆ ಡೋಲಿನ ಸದ್ದು ಕೇಳಿಸಿತು. ಕ್ಯಾಬಿನ್ನಿನ ಬೆಲ್ ಆಯಿತು. ವೇಷಕ್ಕೆ ಕೊಡಲಿಕ್ಕೆ ಚಿಲ್ಲರೆ ಉಂಟಾ ಎಂದು ಮ್ಯಾನೇಜರ್ ಕೇಳಿದರು. ಉಂಟು ಸರ್ ಎಂದೆ, ಬಾಗಿಲಿನಲ್ಲಿ ನಿಂತು.